ಜಾಮೀನಿಗೆ ಯಾರಿದ್ದಾರೆ?

ಶೆಫೀಲ್ಡಿನಲ್ಲಿ ಬಾಡಿಗೆ ಕೋಣೆ ಹಿಡಿಯಲು ಹೋದಾಗ ಏಜೆನ್ಸಿಯ ಹೆಂಗಸು ನನ್ನ ಪಾಸ್‌ಪೋರ್ಟನ್ನಾಗಲಿ ವಿಶ್ವವಿದ್ಯಾಲಯದ ಪತ್ರವನ್ನಾಗಲಿ ಹೆಚ್ಚು ಹೊತ್ತು ನೋಡಲಿಲ್ಲ. "ನಿಮ್ಮ ಗ್ಯಾರಂಟರ್ ಯಾರು?" ಎಂದಳು. ಜಾಮೀನು ನಿಲ್ಲುವವರು ಬ್ರಿಟನ್ನಿನಲ್ಲೇ ವಾಸವಿರಬೇಕು, ಸ್ವಂತ ಮನೆ ಇರಬೇಕು, ಬಾಡಿಗೆ ಬಾಕಿ ಬಿದ್ದರೆ ತಾವು ಕಟ್ಟುತ್ತೇವೆಂದು ಸಹಿ ಹಾಕಬೇಕು. ಅಂಥವರಿಲ್ಲದಿದ್ದರೆ ಆರು ತಿಂಗಳ ಬಾಡಿಗೆ ಮುಂಗಡ ಕೊಡಬೇಕು. ವಾರಕ್ಕೆ 70 ಪೌಂಡಿನ ಕೋಣೆ ಅದು. 2012ರ ಆ ಸೆಪ್ಟೆಂಬರಿನಲ್ಲಿ ಪೌಂಡಿಗೆ 87 ರೂಪಾಯಿಯ ಆಸುಪಾಸು. ಊಟ, ಓಡಾಟಕ್ಕೆಂದು ಎತ್ತಿಟ್ಟುಕೊಂಡು ಬಂದಿದ್ದರಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಮೊದಲ ವಾರವೇ ಕೈಬಿಟ್ಟು ಹೋಯಿತು.

ಜಾಮೀನಿನ ಕಷ್ಟ ನಮ್ಮ ಮನೆಗೆ ಹೊಸದೇನಲ್ಲ. ಅಪ್ಪ ತಿಪಟೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ನನ್ನ ಓದಿಗೆ ಬೇಕಾಗಿದ್ದದ್ದು 15 ಲಕ್ಷದ ಎಜುಕೇಶನ್ ಲೋನು. ಏಳೂವರೆ ಲಕ್ಷ ದಾಟಿದ ಮೇಲೆ ಬ್ಯಾಂಕಿಗೆ ಸ್ಥಿರಾಸ್ತಿಯ ಆಧಾರ ಬೇಕು. ನಮ್ಮ ಮನೆಯ ಬೆಲೆ ಅಷ್ಟಕ್ಕೆ ಸಾಲದು ಎಂದು ಬ್ಯಾಂಕಿನವರು ಹೇಳಿದ ಮೇಲೆ ಉಳಿದದ್ದು ತುಮಕೂರಿನ ದೊಡ್ಡಪ್ಪನ ಮನೆಯೊಂದೇ. ಅಪ್ಪ ಬಾಳೆಹಣ್ಣಿನ ಚಿಪ್ಪು, ಎರಡು ಮೊಳ ಮಲ್ಲಿಗೆ ಹಿಡಿದುಕೊಂಡು ನನ್ನನ್ನೂ ಕರೆದುಕೊಂಡು ಹೋದರು. ಮಳೆ, ಕೊಬ್ಬರಿ ರೇಟು, ಯಾರದೋ ಮದುವೆ, ಎಲ್ಲ ಮಾತಾಡಿ ಎರಡನೆಯ ಕಾಫಿಯೂ ಮುಗಿದ ಮೇಲೆ "ಅಣ್ಣಾ, ಒಂದು ಸಹಿ ಬೇಕಾಗಿತ್ತು" ಎಂದರು. ದೊಡ್ಡಮ್ಮ ಒಳಗೆದ್ದು ಹೋದರು. ದೊಡ್ಡಪ್ಪ ನನ್ನನ್ನೇ ನೋಡಿ, "ಓದ್ಕೊಂಡು ವಾಪಸ್ ಬರ್ತೀಯ ತಾನೇನವ್ವಾ?" ಎಂದು ಕೇಳಿ, ಖಾತಾ ನಕಲು, ಇಸಿ, ಕಂದಾಯದ ರಸೀದಿಗಳಿದ್ದ ಫೈಲು ತರಲು ಎದ್ದರು. ಅಪ್ಪನ ಹಣೆ ಬೆವತಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಶೆಫೀಲ್ಡಿನ ಮನೆ ಕ್ರೂಕ್ಸ್‌ಮೂರ್ ಎಂಬ ಏರಿನಲ್ಲಿತ್ತು. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು, ಮೇಲಿನ ಬೀದಿಗೆ ಹತ್ತುವಷ್ಟರಲ್ಲಿ ಏದುಸಿರು. ಐವರಿದ್ದೆವು. ಬಾರ್ನ್ಸ್‌ಲಿಯ ಹುಡುಗಿ ಚರಿತ್ರೆಯ ಕೊನೆಯ ವರ್ಷದಲ್ಲಿದ್ದಳು, ಸರ್ರೆಯ ಹುಡುಗ ರಾಜಕೀಯಶಾಸ್ತ್ರದ ಕೊನೆಯ ವರ್ಷದಲ್ಲಿ. ಲೆಸ್ಟರಿನ ಗುಜರಾತಿ ಹುಡುಗ ಗಣಿತ ಓದುತ್ತಿದ್ದ. ಲಾಗೋಸಿನಿಂದ ಬಂದವಳ ತಂದೆ ಇಡೀ ವರ್ಷದ ಬಾಡಿಗೆಯನ್ನು ಒಂದೇ ಸಲಕ್ಕೆ ಕಳಿಸಿದ್ದರು. ಅವರ ಹೆಸರುಗಳು ಇಲ್ಲಿ ಬೇಡ, ಊರುಗಳೇ ಸಾಕು. ಆ ದೇಶದಲ್ಲಿ ಊರೂ ಬಾಯಿ ಬಿಟ್ಟಾಗಿನ ಉಚ್ಚಾರಣೆಯೂ ಸೇರಿದರೆ ಜಾತಕವೇ ಸಿಕ್ಕಂತೆ.

ಆ ವರ್ಷ ಎಲ್ಲರ ಬಾಯಲ್ಲೂ 9 ಸಾವಿರ ಪೌಂಡಿನದೇ ಮಾತು. 1998ರವರೆಗೆ ಇಂಗ್ಲೆಂಡಿನ ಮಕ್ಕಳು ಡಿಗ್ರಿಗೆ ಶುಲ್ಕ ಕಟ್ಟಿದವರಲ್ಲ. ಆಮೇಲೆ ವರ್ಷಕ್ಕೆ 1 ಸಾವಿರ ಆಯಿತು, 2006ರಲ್ಲಿ 3 ಸಾವಿರ ಆಯಿತು. 2010ರ ಡಿಸೆಂಬರ್ 9ರಂದು ಸಂಸತ್ತು 21 ಮತಗಳ ಅಂತರದಲ್ಲಿ ಅದನ್ನು 9 ಸಾವಿರದವರೆಗೂ ಏರಿಸಲು ಒಪ್ಪಿತು. ಹೊರಗೆ ವಿದ್ಯಾರ್ಥಿಗಳನ್ನು ಪೊಲೀಸರು ಗಂಟೆಗಟ್ಟಲೆ ಸುತ್ತುಗಟ್ಟಿ ನಿಲ್ಲಿಸಿದ್ದರು. ಶುಲ್ಕ ಏರಿಸಲು ಬಿಡುವುದಿಲ್ಲವೆಂದು ಚುನಾವಣೆಗೆ ಮುಂಚೆ ಸಹಿ ಹಾಕಿ ಮಾತು ಕೊಟ್ಟಿದ್ದ ಲಿಬರಲ್ ಡೆಮಾಕ್ರಾಟ್ ನಾಯಕ ನಿಕ್ ಕ್ಲೆಗ್ ಆಗ ಉಪಪ್ರಧಾನಿ. ಆತ ಗೆದ್ದ ಕ್ಷೇತ್ರ ಶೆಫೀಲ್ಡ್ ಹ್ಯಾಲಮ್, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಆ ಊರಿಗೆ ಕಾಲಿಟ್ಟ ತಿಂಗಳಲ್ಲೇ ಆತ ವಿಡಿಯೊದಲ್ಲಿ ಕ್ಷಮೆ ಕೇಳಿದ. ಯಾರೋ ಅದಕ್ಕೆ ತಾಳ ಹಾಕಿ ಹಾಡು ಮಾಡಿ ಬಿಟ್ಟರು. ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗಲೆಲ್ಲ ಅದೇ ಹಾಡು.

ಅಡುಗೆಮನೆಯೆಂದರೆ ನಮ್ಮ ಸಭಾಭವನ. ಬೇರೆಲ್ಲೂ ಕೂರಲು ಜಾಗವಿರಲಿಲ್ಲ, ಹಾಲನ್ನೂ ಮಾಲೀಕ ಕೋಣೆ ಮಾಡಿ ಬಾಡಿಗೆಗೆ ಬಿಟ್ಟಿದ್ದ. ಅಲ್ಲಿ ಕೂತು ವರ್ಗದ ಬಗ್ಗೆ ಅವರು ಮಾತಾಡುತ್ತಿದ್ದ ಸಲೀಸು ನನಗೆ ಬೆರಗು. ಯಾರು ಕೂಲಿಕಾರ ವರ್ಗ, ಯಾರು ಮಧ್ಯಮ, ಅಜ್ಜ ಗಣಿಯಲ್ಲಿದ್ದು ಅಮ್ಮ ಟೀಚರಾದರೆ ಏನು, ಪ್ಲಂಬರ್ ಲೆಕ್ಚರರಿಗಿಂತ ಹೆಚ್ಚು ದುಡಿದರೆ ಏನು, ಹೀಗೆ ಮಧ್ಯರಾತ್ರಿವರೆಗೂ. ಆದರೆ ಒಬ್ಬರೂ ತಮ್ಮಪ್ಪನ ಸಂಬಳ ಎಷ್ಟೆಂದು ಹೇಳುವವರಲ್ಲ, ಇನ್ನೊಬ್ಬರದನ್ನು ಕೇಳುವವರಲ್ಲ. ನಮ್ಮಲ್ಲಿ ಅರಸೀಕೆರೆಯಲ್ಲಿ ರೈಲು ಹತ್ತಿದವರು ಬೀರೂರು ಬರುವಷ್ಟರಲ್ಲಿ ಎದುರಿನವರ ಸಂಬಳ, ಸೈಟು, ಮಗಳ ಮದುವೆಯ ಖರ್ಚು ಎಲ್ಲ ತಿಳಿದುಕೊಂಡಿರುತ್ತಾರೆ. ನಾನು ಮೊದಲ ತಿಂಗಳಲ್ಲೇ ಸರ್ರೆಯವನಿಗೆ "ನಿಮ್ಮ ತಂದೆಗೆ ಎಷ್ಟು ಬರುತ್ತೆ?" ಎಂದು ಕೇಳಿದೆ. ಅವನ ಕಿವಿಯೆಲ್ಲ ಕೆಂಪಾಯಿತು. "ನಾವು ತೊಂದರೆ ಇಲ್ಲದೆ ಇದ್ದೇವೆ" ಎಂದ. ಬಾರ್ನ್ಸ್‌ಲಿಯವಳು ನಗು ತಡೆಯಲಾಗದೆ ಹಿತ್ತಲಿಗೆ ಓಡಿದಳು. ಆಮೇಲೆ ನನಗೆ ಹೇಳಿದಳು, ಆ ಮಾತಿನ ಅರ್ಥ ಎರಡು ಮನೆ ಮತ್ತು ಫ್ರಾನ್ಸಿನಲ್ಲಿ ಒಂದು ತೋಟ ಅಂತ.

ಇವಳ ವಿಷಯವನ್ನೇ ಹೆಚ್ಚು ಹೇಳಬೇಕು. ಅಮ್ಮ ಕಚೇರಿಗಳನ್ನು ಗುಡಿಸಿ ಒರೆಸುವ ಕೆಲಸದವರು, ಕೌನ್ಸಿಲ್ ಮನೆಯಲ್ಲಿ ವಾಸ. ಅವರ ಮನೆಯ ಗ್ಯಾಸು, ಕರೆಂಟು ಎರಡಕ್ಕೂ ಮೊದಲೇ ದುಡ್ಡು ತುಂಬಿಸುವ ಮೀಟರ್. ಮೂಲೆ ಅಂಗಡಿಗೆ ಹೋಗಿ ಹತ್ತು ಪೌಂಡ್ ಹಾಕಿಸಿಕೊಂಡು ಬಂದರೆ ಬೆಳಕು. ತಿಂಗಳ ಕೊನೆಗೆ ಬಿಲ್ಲು ಕಟ್ಟುವವರಿಗಿಂತ ಹೀಗೆ ತುಂಬಿಸುವವರಿಗೆ ಯೂನಿಟ್ಟಿನ ದರ ಹೆಚ್ಚು ಬೀಳುತ್ತಿತ್ತು. ಬಡವರಿಗೇ ಬೆಲೆ ಜಾಸ್ತಿ ಎಂಬುದನ್ನು ನಾನು ತಿಪಟೂರಿನ ಸಂತೆಯಲ್ಲಿ ಚಿಲ್ಲರೆ ಕೊಳ್ಳುವವರನ್ನು ನೋಡಿಯೇ ಬಲ್ಲೆ. ಶ್ರೀಮಂತ ದೇಶದಲ್ಲಿ ಅದಕ್ಕೊಂದು ಯಂತ್ರವನ್ನೇ ಮಾಡಿ ಗೋಡೆಗೆ ಹೊಡೆದಿದ್ದರು.

ಹದಿನಾರು ದಾಟಿದ ಮೇಲೆ ಅವಳು ಓದು ಬಿಡದೆ ಇದ್ದದ್ದಕ್ಕೆ ಕಾರಣ ವಾರಕ್ಕೆ 30 ಪೌಂಡ್. 2004ರಲ್ಲಿ ಇಡೀ ಇಂಗ್ಲೆಂಡಿಗೆ ಬಂದ ಶಿಕ್ಷಣ ಭತ್ಯೆ ಅದು. ಮನೆಯ ವಾರ್ಷಿಕ ಆದಾಯ ಸುಮಾರು 20,800 ಪೌಂಡಿಗಿಂತ ಕಡಿಮೆ ಇದ್ದರೆ ಪೂರ್ತಿ ಮೂವತ್ತು, ಸ್ವಲ್ಪ ಹೆಚ್ಚಿದ್ದರೆ ಇಪ್ಪತ್ತು ಇಲ್ಲವೇ ಹತ್ತು. ಹಾಜರಿ ತಪ್ಪಿದರೆ ಆ ವಾರದ್ದಿಲ್ಲ. ಬಸ್ಸಿಗೆ, ಪುಸ್ತಕಕ್ಕೆ, ಮಧ್ಯಾಹ್ನದ ಸ್ಯಾಂಡ್‌ವಿಚ್ಚಿಗೆ ಸಾಕಾಗುತ್ತಿತ್ತಂತೆ. 2010ರಲ್ಲಿ ಬಂದ ಸರ್ಕಾರ ಇಂಗ್ಲೆಂಡಿನಲ್ಲಿ ಅದನ್ನು ನಿಲ್ಲಿಸಿತು. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಉಳಿದುಕೊಂಡಿತು. ಅವಳ ತಮ್ಮ ಕಾಲೇಜಿಗೆ ಸೇರಿದ್ದು 2011ರಲ್ಲಿ. ಬಸ್ಸಿನ ದುಡ್ಡಿಗೆ ಅಮ್ಮನ ಮುಂದೆ ಕೈಚಾಚಲು ಆಗದೆ ವರ್ಷಕ್ಕೇ ಬಿಟ್ಟ. ಒಂದೇ ಮನೆ, ಒಂದೇ ಅಮ್ಮ, ಮೂರು ವರ್ಷದ ಅಂತರ. ಅಕ್ಕ ಪದವೀಧರೆಯಾಗಲಿದ್ದಳು, ತಮ್ಮ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ. ಬೆಳಿಗ್ಗೆ ಐದಕ್ಕೆ ಮೊಬೈಲಿಗೆ ಮೆಸೇಜು ಬಂದರೆ ಕೆಲಸ, ಬರದಿದ್ದರೆ ಇಲ್ಲ. ಅವನ ವಯಸ್ಸಿಗೆ ಆಗಿನ ಕನಿಷ್ಠ ಕೂಲಿ ಗಂಟೆಗೆ 4 ಪೌಂಡ್ 98 ಪೆನ್ಸ್. ಅದೇ ಪೆಟ್ಟಿಗೆಯನ್ನು ಪಕ್ಕದಲ್ಲಿ ನಿಂತು ಎತ್ತುವ ಇಪ್ಪತ್ತೊಂದು ದಾಟಿದವನಿಗೆ 6 ಪೌಂಡ್ 19.

ಜಾಮೀನಿನ ಪ್ರಶ್ನೆ ಅವಳನ್ನೂ ಕಾಡಿತ್ತು. ಅಮ್ಮನದು ಕೌನ್ಸಿಲ್ ಮನೆಯಾದ್ದರಿಂದ ಅಮ್ಮನ ಸಹಿ ನಡೆಯದು. ಆ ದೇಶದಲ್ಲೇ ಹುಟ್ಟಿ, ಆ ದೇಶದ್ದೇ ಭಾಷೆ, ಬಣ್ಣ, ಪಾಸ್‌ಪೋರ್ಟ್ ಇದ್ದೂ ಏಜೆನ್ಸಿಯ ಮೇಜಿನ ಮುಂದೆ ಅವಳದೂ ನನ್ನದೂ ಒಂದೇ ಸಾಲು. ಸರ್ರೆಯ ಹುಡುಗ, "ಅಪ್ಪ ಸಹಿ ಹಾಕ್ತಾರೆ ಬಿಡು, ಅವರಿಗೇನು" ಎಂದನಂತೆ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳಿಗೆ ಆ "ಅವರಿಗೇನು" ತಡೆಯಲಾಗಲಿಲ್ಲ. ಕೊನೆಗೆ ನರ್ಸಾಗಿದ್ದು ಸಾಲದ ಮೇಲೆ ಮನೆ ಕೊಂಡಿದ್ದ ಚಿಕ್ಕಮ್ಮನ ಮನೆಗೆ ಭಾನುವಾರ ಕೇಕ್ ಹಿಡಿದುಕೊಂಡು ಹೋಗಿ, ಊಟ ಮುಗಿಯುವ ತನಕ ಬಾಯಿ ಬಿಡಲಾರದೆ ಕೂತು, ಹೊರಡುವಾಗ ಕೇಳಿದಳಂತೆ. ನಾನು ತುಮಕೂರಿನ ಬಾಳೆಹಣ್ಣಿನ ಕತೆ ಹೇಳಿದೆ. ಇಬ್ಬರೂ ಅಷ್ಟು ನಕ್ಕದ್ದು ಆ ವರ್ಷ ಇನ್ನೊಮ್ಮೆ ಇಲ್ಲ.

ಸಾಲದ ವಿಷಯದಲ್ಲೂ ವಿಚಿತ್ರಗಳಿದ್ದವು. ಅಲ್ಲಿ ವಿದ್ಯಾರ್ಥಿ ಸಾಲಕ್ಕೆ ಜಾಮೀನು ಬೇಡ, ಸರ್ಕಾರವೇ ಕೊಡುತ್ತದೆ. ಸಂಬಳ ಒಂದು ಮಿತಿ ದಾಟಿದ ಮೇಲೆ ಅದರಾಚೆಗಿನ ಹಣದಲ್ಲಿ ನೂರಕ್ಕೆ 9ರಂತೆ ಹಿಡಿದುಕೊಳ್ಳುತ್ತಾರೆ. ಹೊಸ ಶುಲ್ಕದವರಿಗೆ ಆಗ ಆ ಮಿತಿ 21 ಸಾವಿರ ಪೌಂಡ್ ಇತ್ತು, ತೀರದೆ ಉಳಿದದ್ದು 30 ವರ್ಷಕ್ಕೆ ಮನ್ನಾ. ಕೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಸಾಲಕ್ಕೆ ಬಡ್ಡಿ ನೂರಕ್ಕೆ ಹನ್ನೆರಡರ ಮೇಲಿತ್ತು, ಮನ್ನಾ ಎಂಬ ಮಾತೇ ಇರಲಿಲ್ಲ. ಆದರೆ ಹಳೆಯ ಶುಲ್ಕದವನಾದ ಸರ್ರೆಯ ಹುಡುಗನ ಸಾಲದ ಬಡ್ಡಿ ಆಗ ಕೇವಲ ಒಂದೂವರೆ. ಅವನಿಗೆ ಸಾಲದ ಅಗತ್ಯವೇ ಇರಲಿಲ್ಲ. ಅಪ್ಪ ಹೇಳಿದರೆಂದು ಸಾಲ ತೆಗೆದು, ಅದನ್ನು ಹೆಚ್ಚು ಬಡ್ಡಿ ಬರುವ ತೆರಿಗೆಯಿಲ್ಲದ ಉಳಿತಾಯ ಖಾತೆಗೆ ಹಾಕಿಟ್ಟಿದ್ದ. ಉಳ್ಳವರು ಎಷ್ಟೋ ಜನ ಹಾಗೆ ಮಾಡುತ್ತಿದ್ದರು, ಕಾನೂನಿನಲ್ಲಿ ತಪ್ಪಿಲ್ಲ. ಅದೇ ಸಾಲವನ್ನು ಬಾರ್ನ್ಸ್‌ಲಿಯವಳ ಅಮ್ಮ ಮಾತ್ರ ನೆರೆಯವರ ಹತ್ತಿರ ಹೇಳಿಕೊಳ್ಳಲೂ ಹೆದರುತ್ತಿದ್ದರು. ಇವಳು ಅದನ್ನು ಕೇಳಿ ಸಿಟ್ಟಾಗಲಿಲ್ಲ. "ಸಾಲವೂ ಆಸ್ತಿ ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ" ಎಂದಳು, ಅಷ್ಟೆ.

2013ರ ಏಪ್ರಿಲ್ ನನ್ನ ನೆನಪಿನಲ್ಲಿ ಉಳಿದ ತಿಂಗಳು. ಈಸ್ಟರ್ ರಜೆ, ಆದರೂ ಪ್ರಬಂಧ ಬರೆಯುವ ಗಡಿಬಿಡಿಯಲ್ಲಿ ಎಲ್ಲರೂ ಮನೆಯಲ್ಲೇ. ಮೂರನೆಯ ತಾರೀಖು ಬಿಬಿಸಿ ತನ್ನ ದೊಡ್ಡ ವರ್ಗ ಸಮೀಕ್ಷೆಯ ಫಲಿತಾಂಶ ಹೊರಗೆ ಬಿಟ್ಟಿತು. 1 ಲಕ್ಷ 60 ಸಾವಿರಕ್ಕೂ ಹೆಚ್ಚು ಜನ ಉತ್ತರಿಸಿದ್ದ ಸಮೀಕ್ಷೆ. ಮೂರೇ ವರ್ಗವೆಂದು ನಂಬಿದ್ದ ದೇಶಕ್ಕೆ ಸಮಾಜಶಾಸ್ತ್ರಜ್ಞರು ಏಳು ವರ್ಗ ಎಣಿಸಿಕೊಟ್ಟಿದ್ದರು. ತುತ್ತತುದಿಯಲ್ಲಿ ನೂರಕ್ಕೆ 6 ಜನ ಗಣ್ಯರು, ತಳದಲ್ಲಿ ನೂರಕ್ಕೆ 15 ಜನ ನಾಳೆಯ ಖಾತರಿ ಇಲ್ಲದವರು. ನಿಮ್ಮ ವರ್ಗ ಯಾವುದೆಂದು ನೀವೇ ಲೆಕ್ಕ ಹಾಕಿಕೊಳ್ಳುವ ಪ್ರಶ್ನಾವಳಿಯನ್ನೂ ಹಾಕಿದ್ದರು. ಮನೆಗೆ ಬರುವ ಹಣ, ಉಳಿತಾಯ, ಸ್ವಂತ ಮನೆಯೋ ಬಾಡಿಗೆಯೋ, ಯಾರ್ಯಾರು ಪರಿಚಯ, ಒಪೆರಾಕ್ಕೆ ಹೋಗುತ್ತೀರೋ ವಿಡಿಯೊ ಗೇಮ್ ಆಡುತ್ತೀರೋ ಎಂದೆಲ್ಲ. ಒಂದೇ ಲ್ಯಾಪ್‌ಟಾಪ್ ಸುತ್ತ ಐವರೂ ಕೂತೆವು.

ಪರಿಚಯದವರ ಪಟ್ಟಿ ನನಗೆ ವರವಾಯಿತು. ಲಾರಿ ಡ್ರೈವರ್, ನರ್ಸ್, ಪೋಸ್ಟಿನವನು, ವಕೀಲ, ಎಲೆಕ್ಟ್ರಿಶಿಯನ್, ಹೊಲದ ಆಳು, ಕಸ ಗುಡಿಸುವವರು. ತಿಪಟೂರಿನಂಥ ಊರಿನಲ್ಲಿ ಬೆಳೆದವಳಿಗೆ ಇವರಲ್ಲಿ ಗೊತ್ತಿಲ್ಲದವರು ಯಾರು? ಎಲ್ಲಕ್ಕೂ ಗುರುತು ಹಾಕಿದೆ. ಸರ್ರೆಯವನಿಗೆ ಲಾರಿ ಡ್ರೈವರೂ ಗೊತ್ತಿಲ್ಲ, ಕಾಲ್ ಸೆಂಟರಿನವರೂ ಇಲ್ಲ. "ನಾನು ಕಾಲ್ ಸೆಂಟರಿನವಳೇ ಕಣೋ" ಎಂದು ಬಾರ್ನ್ಸ್‌ಲಿಯವಳು ಅವನ ತಲೆಗೆ ಮೊಟಕಿದಳು. ವಾರಾಂತ್ಯಕ್ಕೆ ಅವಳು ಮಾಡುತ್ತಿದ್ದದ್ದು ಅದೇ ಕೆಲಸ. ಲೆಸ್ಟರಿನವನು ಅಪ್ಪನ ಅಂಗಡಿಯ ಲೆಕ್ಕವನ್ನು ಎಲ್ಲಿ ತುಂಬಬೇಕೆಂದು ತಿಳಿಯದೆ, "ನಮ್ಮದು ಅಂಗಡಿ ವರ್ಗ, ಎಂಟನೆಯದು" ಎಂದು ಎದ್ದು ಹೋದ. ಫಲಿತಾಂಶದಲ್ಲಿ ನಾನು ಬಾರ್ನ್ಸ್‌ಲಿಯವಳಿಗಿಂತ ಮೇಲಿದ್ದೆ. ಜಾತಿಯ ಪ್ರಶ್ನೆ ಅದರಲ್ಲಿರಲಿಲ್ಲ. ಇದ್ದಿದ್ದರೆ ಇನ್ನೂ ಮೇಲೆ ಹೋಗುತ್ತಿದ್ದೆ.

ಆ ಸಂಜೆ ಅವಳ ತಮ್ಮ ಬಂದಿದ್ದ. ಕೆಲಸದ ಮೆಸೇಜು ಬರದ ದಿನಗಳಲ್ಲಿ ಅಕ್ಕನ ಹತ್ತಿರ ಬಂದು ಬಿಸಿನೀರಿನ ಸ್ನಾನ ಮಾಡಿ ಹೋಗುತ್ತಿದ್ದ. ನಮ್ಮ ಚರ್ಚೆಯನ್ನೆಲ್ಲ ಕೇಳಿ, "ಇವಳು ವಿಮಾನದಲ್ಲಿ ಬಂದವಳು, ನಾನು ಇದುವರೆಗೂ ಲಂಡನ್ ನೋಡಿಲ್ಲ. ಇದಕ್ಕೆ ಕಂಪ್ಯೂಟರ್ ಯಾಕೆ?" ಎಂದ. ಸರ್ರೆಯವನು ನನ್ನ ಪರವಾಗಿ ವಾದಕ್ಕಿಳಿದ, ಭಾರತದ ತಲಾ ಆದಾಯ ಎಷ್ಟು ಗೊತ್ತೇ ಎಂದು. ನಾನು ಅವನನ್ನು ತಡೆದೆ. ತಿಪಟೂರಿನ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ಒಬ್ಬರು ಬರುತ್ತಾರೆ ಎಂದೆ. ಲಾಗೋಸಿನವಳು, "ನಮ್ಮಲ್ಲಿ ನಾಲ್ವರು" ಎಂದಳು. ಶ್ರೀಮಂತ ದೇಶದ ಮೂವರು ಬಡದೇಶದ ಇಬ್ಬರನ್ನು ನೋಡಿದ ನೋಟ ಅದು! ದೇಶದ ಶ್ರೀಮಂತಿಕೆ ಅಲ್ಲಿನ ಪ್ರತಿಯೊಬ್ಬನ ಜೇಬಿನಲ್ಲೂ ಇರುತ್ತದೆ ಎಂಬುದು ವಿಮಾನ ಹತ್ತುವವರೆಲ್ಲರ ನಂಬಿಕೆ. ದೇಶದ ಬಡತನವೂ ಹಾಗೆ ಸಮನಾಗಿ ಹಂಚಿರುವುದಿಲ್ಲ.

ಎಂಟನೆಯ ತಾರೀಖು ಮಾರ್ಗರೆಟ್ ಥ್ಯಾಚರ್ ತೀರಿಕೊಂಡರು. ದಕ್ಷಿಣ ಯಾರ್ಕ್‌ಶೈರ್ ಗಣಿಗಳ ನಾಡು. 1984ರ ಮಾರ್ಚಿನಿಂದ ಒಂದು ವರ್ಷ ನಡೆದ ಮುಷ್ಕರ ಅಲ್ಲಿ ನಿನ್ನೆ ಮೊನ್ನೆಯ ಸಂಗತಿ ಎಂಬಂತೆ ಬದುಕಿತ್ತು. ಬಾರ್ನ್ಸ್‌ಲಿಗೆ ಹತ್ತಿರದ ಗೋಲ್ಡ್‌ಥಾರ್ಪ್‌ನಲ್ಲಿ ಅಂತ್ಯಕ್ರಿಯೆಯ ದಿನ ಜನ ಆಕೆಯ ಪ್ರತಿಕೃತಿಯನ್ನು ಶವಪೆಟ್ಟಿಗೆಯಲ್ಲಿಟ್ಟು ಮೆರವಣಿಗೆ ಮಾಡಿ ಸುಟ್ಟರು. ಸರ್ರೆಯವನಿಗೆ ಅದು ಅಸಹ್ಯ. ಸತ್ತ ಮುದುಕಿಯ ಮೇಲೆ ಇದೇನು ಎಂದ. ಬಾರ್ನ್ಸ್‌ಲಿಯವಳು ಅಂದು ಹೇಳಿದ್ದು ನನಗೆ ಎಲ್ಲ ಸಮೀಕ್ಷೆಗಳಿಗಿಂತ ಹೆಚ್ಚು ಅರ್ಥವಾಯಿತು. 1980ರಲ್ಲಿ ಥ್ಯಾಚರ್ ಸರ್ಕಾರ ಕೌನ್ಸಿಲ್ ಮನೆಗಳ ಬಾಡಿಗೆದಾರರಿಗೆ ಅದೇ ಮನೆಯನ್ನು ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ರಿಯಾಯಿತಿ ಕೊಟ್ಟು ಮಾರುವ ಕಾನೂನು ತಂದಿತು. ಅವಳ ಅಜ್ಜ ಗಣಿ ಕಾರ್ಮಿಕ. ಆ ಹೆಂಗಸಿನಿಂದ ಮನೆ ಕೊಳ್ಳುವುದಿಲ್ಲ ಎಂದರಂತೆ ಮೊದಲು. ಮುಷ್ಕರದ ವರ್ಷ ಸಂಬಳವೇ ಇಲ್ಲ. ಅದು ಮುಗಿದ ಮೇಲೆ ಗಣಿಯೇ ಉಳಿಯಲಿಲ್ಲ. ಪಕ್ಕದ ಮನೆಯವರು ಕೊಂಡರು. ಅವರ ಮಕ್ಕಳು ಅದನ್ನು ಮಾರಿ ಲೀಡ್ಸ್‌ನಲ್ಲಿ ಮನೆ ಮಾಡಿದರು, ಮೊಮ್ಮಕ್ಕಳಿಗೆ ಈಗ ಜಾಮೀನಿಗೆ ಜನ ಇದ್ದಾರೆ. "ಅಜ್ಜ ಮಾಡಿದ್ದು ಸರಿ. ಅದರ ಬಾಡಿಗೆ ನಾನು ಕಟ್ಟುತ್ತಿದ್ದೇನೆ" ಎಂದಳು.

ನನ್ನ ವಿಭಾಗದಲ್ಲಿ ಆ ವರ್ಷ ನಗರದ ನ್ಯಾಯಸಮ್ಮತಿ ಆಯೋಗದ ವರದಿಯನ್ನು ಓದಿಸಿದ್ದರು. ಅದರಲ್ಲಿ 83ನೇ ನಂಬರಿನ ಬಸ್ಸಿನ ಮಾತು ಬರುತ್ತದೆ. ಶ್ರೀಮಂತರ ಮಿಲ್‌ಹೌಸಸ್‌ನಲ್ಲಿ ಬಸ್ಸು ಹೊರಡುವಾಗ ಅಲ್ಲಿನ ಹೆಂಗಸರ ಸರಾಸರಿ ಆಯಸ್ಸು 86 ವರ್ಷ. 40 ನಿಮಿಷ ಕಳೆದು ಬರ್ನ್‌ಗ್ರೀವ್ ಸೇರುವಾಗ 77ಕ್ಕೆ ಇಳಿದಿರುತ್ತದೆ. ನಾನೂ ಲಾಗೋಸಿನವಳೂ ಒಂದು ಶನಿವಾರ ಅದನ್ನು ಹತ್ತಿ ಕೊನೆಯವರೆಗೂ ಹೋದೆವು. ಕಣ್ಣಿಗೆ ಬೀಳುವಂಥದ್ದು ಹೆಚ್ಚೇನಿಲ್ಲ. ಎರಡೂ ಕಡೆ ಟಾರು ರಸ್ತೆ, ನಲ್ಲಿ ನೀರು, ಬೀದಿ ದೀಪ, ಎಲ್ಲರ ಕೈಯಲ್ಲೂ ಮೊಬೈಲು. ಆ ತುದಿಯಲ್ಲಿ ಮರಗಳು ದಟ್ಟ, ಈ ತುದಿಯಲ್ಲಿ ಸಾಲ ಕೊಡುವ ಅಂಗಡಿ, ಜೂಜಿನ ಅಂಗಡಿಗಳ ಬೋರ್ಡು ದಟ್ಟ. ನಮ್ಮ ಊರುಗಳಲ್ಲಿ ಬಡತನ ಬರಿಗಾಲಲ್ಲಿ ಎದುರಿಗೆ ಬರುತ್ತದೆ. ಅಲ್ಲಿ ಶೂ ಹಾಕಿಕೊಂಡಿರುತ್ತದೆ, ಹಾಗಾಗಿ ಅದು ಇಲ್ಲವೆಂದು ವಾದಿಸುವುದು ಸುಲಭ.

ಜೂನ್‌ನಲ್ಲಿ ಕೊನೆಯ ವರ್ಷದವರಿಬ್ಬರಿಗೂ ಲಂಡನ್ನಿನ ಪ್ರಕಾಶನ ಸಂಸ್ಥೆಗಳಿಂದ ಕರೆ ಬಂತು. ಮೂರು ತಿಂಗಳ ತರಬೇತಿ, ಸಂಬಳವಿಲ್ಲ, ಬಸ್ ಚಾರ್ಜು ಮಾತ್ರ. ಬಾರ್ನ್ಸ್‌ಲಿಯವಳ ಅಂಕಗಳೇ ಹೆಚ್ಚು. ಒಂದು ರಾತ್ರಿ ಅಡುಗೆಮನೆಯಲ್ಲಿ ಹಾಳೆ ಹಿಡಿದು ಕೂತು ಕೋಣೆಬಾಡಿಗೆ, ಮುಂಗಡ, ಊಟ ಎಲ್ಲ ಕೂಡಿಸಿದೆವು. ಕಾಲ್ ಸೆಂಟರಿನಲ್ಲಿ ಕೂಡಿಟ್ಟದ್ದು ಐದು ವಾರಕ್ಕೆ ಸಾಕು. ಅವಳು ಬರುವುದಿಲ್ಲವೆಂದು ಬರೆದು ಕಳಿಸಿದಳು. ಸರ್ರೆಯವನು ಕ್ಲ್ಯಾಪಮ್ಮಿನ ಅತ್ತೆಯ ಮನೆಯಲ್ಲಿ ಉಳಿದುಕೊಂಡು ಹೋದ, ಡಿಸೆಂಬರಿನ ಹೊತ್ತಿಗೆ ಅಲ್ಲೇ ಕೆಲಸವಾಯಿತು. ಅವನನ್ನು ನಾನು ದೂರುವುದಿಲ್ಲ. ಕಷ್ಟಪಟ್ಟೇ ದುಡಿದ. ಆದರೆ ಪ್ರತಿಭೆಯಿಂದ ಮೇಲೆ ಬಂದೆ ಎಂದು ಯಾರಾದರೂ ಹೇಳಿದರೆ ಅಂದಿನಿಂದ ನನಗೆ ಮೊದಲು ಹೊಳೆಯುವ ಪ್ರಶ್ನೆ, ಆ ಮೂರು ತಿಂಗಳ ಬಾಡಿಗೆ ಯಾರು ಕಟ್ಟಿದರು ಎಂಬುದೇ.

ಆಗಸ್ಟಿನಲ್ಲಿ ರೂಪಾಯಿ ಕುಸಿದು ಪೌಂಡಿಗೆ ನೂರು ದಾಟಿತು. ಅಪ್ಪ ಫೋನಿನಲ್ಲಿ ಟಿವಿ ಸುದ್ದಿ ಓದಿ ಹೇಳುತ್ತಿದ್ದರು. ಓದು ಮುಗಿದ ಮೇಲೆ ಎರಡು ವರ್ಷ ಉಳಿದು ದುಡಿಯಲು ಕೊಡುತ್ತಿದ್ದ ವೀಸಾವನ್ನು ಬ್ರಿಟನ್ 2012ರ ಏಪ್ರಿಲ್‌ನಲ್ಲೇ ನಿಲ್ಲಿಸಿತ್ತು; ಅದು ಬೇರೆ ಹೆಸರಿನಲ್ಲಿ ಮತ್ತೆ ಬಂದದ್ದು 2021ರಲ್ಲಿ. ನಾನು 2014ರ ಜನವರಿಯಲ್ಲಿ ಬೆಂಗಳೂರಿಗೆ ವಾಪಸಾದೆ. ಸಾಲ ತೀರಿ ದೊಡ್ಡಪ್ಪನ ಮನೆಪತ್ರ ಬ್ಯಾಂಕಿನಿಂದ ಹೊರಬರುವಷ್ಟರಲ್ಲಿ ಕೊರೊನಾ ಬಂದು ಹೋಗಿತ್ತು. ಬಾರ್ನ್ಸ್‌ಲಿಯವಳು ಈಗ ಒಂದು ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಾಳೆ, ಅವಳಿಗೆ ಸಿಗುತ್ತಿದ್ದ ಮರಳಿಸಬೇಕಿಲ್ಲದ ಜೀವನಾಧಾರ ಅನುದಾನವನ್ನು ಹೊಸಬರಿಗೆ 2016ರಿಂದ ಸಾಲವಾಗಿ ಮಾರ್ಪಡಿಸಿದರು. ಶುಲ್ಕ 2025ರಲ್ಲಿ 9,535 ಪೌಂಡಿಗೆ ಏರಿತು. 2023ರಿಂದ ಸೇರಿದವರಿಗೆ ಮನ್ನಾ 30 ವರ್ಷಕ್ಕಲ್ಲ, 40 ವರ್ಷಕ್ಕೆ. ಕ್ಲೆಗ್ 2017ರಲ್ಲಿ ಹ್ಯಾಲಮ್ ಕ್ಷೇತ್ರದಲ್ಲಿ ಸೋತ.

ಈಗ ನಮ್ಮ ಕಡೆಯ ಸಣ್ಣ ಸಣ್ಣ ಊರುಗಳಿಂದಲೂ ಮಕ್ಕಳು ಇಂಗ್ಲೆಂಡಿಗೆ ಹೊರಟಿದ್ದಾರೆ, ಅಪ್ಪ ಅಮ್ಮಂದಿರು ನನ್ನನ್ನು ಹುಡುಕಿಕೊಂಡು ಬಂದು ಕಾಲೇಜಿನ ರ್‍ಯಾಂಕಿಂಗ್ ಕೇಳುತ್ತಾರೆ. ಅದು ಆಮೇಲಿರಲಿ. ಅಲ್ಲಿ ಬಾಡಿಗೆ ಮನೆಗೆ ಸಹಿ ಹಾಕುವವರು ಯಾರು, ಇಲ್ಲದಿದ್ದರೆ ಎಷ್ಟು ಹಣ ಮುಂಚೆ ಕೊಡಬೇಕು ಎಂಬುದನ್ನು ಏಜೆನ್ಸಿಗೆ ಬರೆದು ಉತ್ತರ ತರಿಸಿಕೊಳ್ಳಿ, ಆ ದುಡ್ಡನ್ನು ಊಟದ ದುಡ್ಡಿಗೆ ಬೆರೆಸದೆ ಬೇರೆಯೇ ಇಡಿ. ಇಲ್ಲಿ ಸಹಿ ಹಾಕುವ ದೊಡ್ಡಪ್ಪನಿಗೆ ಬಡ್ಡಿ ಎಷ್ಟು, ಕಂತು ಎಂದಿನಿಂದ, ರೂಪಾಯಿ ಬಿದ್ದರೆ ಏನಾಗುತ್ತದೆ ಎಂಬುದನ್ನು ಸಹಿಗೆ ಮೊದಲೇ ಬಿಡಿಸಿ ಹೇಳಿ.